ಸಣ್ಣತ್ತೆಯ ಗಿಟಾರು

ನನ್ನ ಎಲೆ-ಅಡಿಕೆಯ ಚಂಚಿಯಲ್ಲಿ ಈಗ ಸುಣ್ಣದ ಡಬ್ಬಿ ಇಲ್ಲ. ಅದು ಇರಬೇಕಾದ ಕಿಸೆಯಲ್ಲಿ ಒಂದು ಪ್ಲಾಸ್ಟಿಕ್ ಚೂರು ಇದೆ. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು, ಮೂರು ಮೂಲೆಯದು, ಕಂದು ಬಣ್ಣದ್ದು. ಕಣ್ಣು ಮಂದಾದವರಿಗೆ ಅದು ಥೇಟ್ ಅಡಿಕೆ ಹೋಳು. ಎರಡು ಸಲ ಬಾಯಿಗೆ ಹಾಕಿಕೊಂಡು ಕಡಿದಿದ್ದೇನೆ. ಮೊದಲ ಸಲ ಹಲ್ಲಿನ ತಪ್ಪು ಅಂದುಕೊಂಡೆ. ಎರಡನೆಯ ಸಲ ಅಡಿಕೆ ಕೊಟ್ಟ ಅಂಗಡಿಯವನನ್ನು ಬೈದೆ. ಪಾಪ, ಅವನದೇನೂ ಇರಲಿಲ್ಲ. ಅದು ಗಿಟಾರಿನ ತಂತಿ ಮೀಟುವ ಚೂರು.

ಅರವತ್ತು ದಾಟಿದ ಮುದುಕಿಯ ಚಂಚಿಗೆ ಗಿಟಾರಿನ ಚೂರು ಹೇಗೆ ಬಂತು ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ, ಆದರೆ ಅವಸರ ಮಾಡಬೇಡಿ. ನಾನು ಕಲಿತದ್ದು ಐರಣಿಯ ಸಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ. ನೆಟ್ಟಗೆ ಹೇಳುವುದನ್ನು ನಾಲ್ಕನೆಯದರಲ್ಲಿ ಕಲಿಸುತ್ತಿದ್ದರೋ ಏನೋ, ನನಗೆ ಅದು ಬರುವುದಿಲ್ಲ.

ಮೊದಲು ಒಂದು ತೊಡಕು ಹೇಳಿಬಿಡಬೇಕು. ನಮ್ಮಲ್ಲಿ ಸೊಸೆಯಾದವಳು ಅತ್ತೆ-ಮಾವನ ಹೆಸರು ಹಿಡಿಯುವುದಿಲ್ಲ. ಈಗಿನ ಹುಡುಗಿಯರು ಗಂಡನ ಹೆಸರನ್ನೇ ಕೂಗಿ ಕರೆಯುತ್ತಾರೆ, ಕರೆಯಲಿ, ಗಂಡಸರು ಲಗೂ ಬರುತ್ತಾರೆ. ನಮಗೆ ಆ ರೂಢಿ ಬಿದ್ದಿಲ್ಲ. ನನ್ನ ಪಾಲಿಗೆ ಅದು ಇನ್ನೂ ದೊಡ್ಡ ಪೇಚಾಯಿತು. ಯಾಕೆಂದರೆ ನಮ್ಮತ್ತೆಗೆ ಇದ್ದದ್ದು ಹೊಳೆಯ ಹೆಸರು, ಅದೂ ನನ್ನ ತವರೂರಿನ ದಂಡೆಗೆ ಹರಿಯುವ ಹೊಳೆಯದೇ. ಹುಟ್ಟಿದಾಗಿನಿಂದ ಈಸು ಬಿದ್ದ ಹೊಳೆ, ಮದುವೆಯಾದ ಮರುದಿನದಿಂದ ಹೆಸರಿಲ್ಲದ್ದಾಯಿತು. ಒಮ್ಮೆ ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕುಳಿತಾಕೆ, "ಐರಣಿ ಯಾವ ಹೊಳಿ ದಂಡಿಗೈತ್ರಿ?" ಎಂದು ಕೇಳಿದಳು. ನಾನು, "ನಮ್ಮತ್ತಿ ಹೊಳಿ" ಎಂದೆ. ಅವಳು ಸರಿದು ಕುಳಿತು ಜಾಗ ಬಿಟ್ಟುಕೊಟ್ಟಳು. ಹೊಳೆಯನ್ನೇ ಕೊಂಡುಕೊಂಡ ಮನೆತನದವಳು ಎಂದು ತಿಳಿದಳೋ, ತಲೆ ಸರಿಯಿಲ್ಲವೆಂದು ತಿಳಿದಳೋ, ನಾನು ಕೇಳಲಿಲ್ಲ. ಜಾಗ ಸಿಕ್ಕಿತು, ಸಾಕು.

ಆ ನಮ್ಮತ್ತೆಯನ್ನು ಇಲ್ಲಿ ದೊಡ್ಡತ್ತೆ ಎಂದು ಬರೆಯುತ್ತೇನೆ. ಯಾಕೆಂದರೆ ಸಣ್ಣತ್ತೆ ಎಂಬುವಳು ಬೇರೆ ಇದ್ದಾಳೆ. ಸಣ್ಣತ್ತೆ ನನ್ನ ಮೊಮ್ಮಗಳು, ಮಗ ಈರಣ್ಣನ ಮಗಳು. ದೊಡ್ಡತ್ತೆ ತೀರಿಕೊಂಡ ವರ್ಷದೊಳಗೆ ಹುಟ್ಟಿದಳು. ಹಾಗಾಗಿ ಅದೇ ಹೆಸರನ್ನು ಇಟ್ಟೆವು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಗೆ ಬಾಯಿ ಹಚ್ಚಿ ಕುರ್ರ್ ಎಂದು ಹೆಸರು ಹೇಳಿದಳು, ಎಲ್ಲರೂ ನಗುತ್ತ ಅವಳ ಬೆನ್ನಿಗೆ ಗುದ್ದಿದರು, ಕೂಸು ಅತ್ತಿತು, ನಾನು ತಲೆಯ ಮೇಲೆ ಸೆರಗು ಎಳೆದುಕೊಂಡೆ. ಅತ್ತೆಯ ಹೆಸರು ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ಮೂರು ತಿಂಗಳ ಕೂಸಿನ ಮುಂದೆ ತಲೆ ತುಂಬ ಸೆರಗು ಹೊದ್ದು ನಿಂತ ಅಜ್ಜಿಯನ್ನು ಯಾರಾದರೂ ನೋಡಿದ್ದೀರಾ?

ಹೆಸರು ಹಿಡಿಯುವಂತಿಲ್ಲ, ಬೈಯುವಂತೆಯೂ ಇಲ್ಲ. "ಸಣ್ಣತ್ತೀ, ಹಾಲು ಕುಡೀರಿ" ಎಂದೆ. ಮನೆಯವರಿಗೆಲ್ಲ ಅದೇ ರೂಢಿಯಾಯಿತು. ಹೆತ್ತಪ್ಪನೂ ಮಗಳನ್ನು ಸಣ್ಣತ್ತಿ ಎಂದು ಕರೆದ. ಅವಳಿಗೆ ಬುದ್ಧಿ ಬಲಿತದ್ದೇ ತಡ, ಇದರ ಲಾಭ ತಿಳಿಯಿತು. ಸೊಂಟದ ಮೇಲೆ ಕೈ ಇಟ್ಟು, "ಆಯಿ, ನಾ ನಿನ್ನ ಅತ್ತಿ ಅದೇನಿ. ಅತ್ತಿ ಬಿಸ್ಕೀಟ ಕೇಳಿದ್ರ ಸೊಸಿ ಇಲ್ಲ ಅಂತಾಳೇನು?" ಎನ್ನುತ್ತಿದ್ದಳು. ದೊಡ್ಡತ್ತೆಯ ಕೈಕೆಳಗೆ ಇಪ್ಪತ್ತೈದು ವರ್ಷ, ಈಗ ಸಣ್ಣತ್ತೆಯ ಕೈಕೆಳಗೆ ಹತ್ತೊಂಬತ್ತು. ನನ್ನ ಸೊಸೆತನಕ್ಕೆ ಬಿಡುಗಡೆಯೇ ಇಲ್ಲ ನೋಡಿ.

ಇನ್ನು ದೊಡ್ಡತ್ತೆಯ ಮಾತು. ನನ್ನ ಗಂಡನ ಊರಾದ ಬ್ಯಾಡಗಿಯಲ್ಲಿ ದಲಾಲರ ಅಡತಿ ಅಂಗಡಿಗಳ ಹಿಂದಿನ ಅಂಗಳದಲ್ಲಿ ಒಣ ಮೆಣಸಿನಕಾಯಿಯ ಗುಡ್ಡೆ ಸುರಿದಿರುತ್ತಾರೆ. ಹೆಣ್ಣುಮಕ್ಕಳು ಸುತ್ತ ಕುಳಿತು ಒಂದೊಂದೇ ಕಾಯಿ ಹಿಡಿದು ತುಂಬು ಬಿಡಿಸಬೇಕು. ತುಂಬು ಎಂದರೆ ತೊಟ್ಟು. ಘಾಟಿಗೆ ಮೂಗು, ಕಣ್ಣು, ಗಂಟಲು ಮೂರೂ ಒಟ್ಟಿಗೆ ಜಗಳ ತೆಗೆಯುತ್ತವೆ. ಅಂಥ ಕಡೆ ಕುಳಿತು ನಮ್ಮತ್ತೆ ಹಾಡುತ್ತಿದ್ದಳು. ಅವಳು ಹಾಡುವಾಗ ಒಮ್ಮೆಯೂ ಕೆಮ್ಮಿದ್ದನ್ನು ಕಂಡವರಿಲ್ಲ. ದನಿ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು ಎನ್ನುತ್ತಾರೆ. ಗಳಗನಾಥದಲ್ಲಿ ಎರಡು ಹೊಳೆ ಕೂಡುವ ಕಡೆ ನಿಂತು ಅವಳು ಹಾಡಿದಾಗ ನೀರಿನಲ್ಲಿದ್ದ ಹರಿಗೋಲು ಮುಂದಕ್ಕೆ ಹೋಗದೆ ನಿಂತಿತ್ತು ಎಂದೂ ಹೇಳುತ್ತಾರೆ. ನಾನು ನೋಡಿಲ್ಲ. ನೋಡಿದವರೂ ಇದುವರೆಗೆ ಸಿಕ್ಕಿಲ್ಲ. ಆದರೆ ಹೇಳುವವರು ಮಾತ್ರ ವರ್ಷಕ್ಕೆ ವರ್ಷ ಹೆಚ್ಚಾಗುತ್ತಿದ್ದಾರೆ.

ದೊಡ್ಡತ್ತೆ ಒಬ್ಬಳೇ ಹಾಡುತ್ತಿರಲಿಲ್ಲ. ಎದುರಿಗೆ ಅವಳ ಗೆಳತಿ ಮಾಬೂಬಿ ಕುಳಿತಿರಬೇಕು. ಅತ್ತೆ ಸವಾಲು ಹಾಕುವಳು:

"ಕಣ್ಣಾಗ ನೀರ್ಯಾಕ ನನ ಗೆಳತಿ, ಕೇಳ್ಯಾರ ಮನಿಯವರು."

ಇಷ್ಟು ಹೇಳಿ ಸುಮ್ಮನಾಗುವಳು. ಒಂದು ಕಾಯಿಯ ತುಂಬು ಬಿಡಿಸುವಷ್ಟು ಹೊತ್ತು ತಡೆಯುವಳು. ಎಲ್ಲರ ಕೈಯಲ್ಲೂ ಟಕ್ ಎಂದು ತುಂಬು ಮುರಿಯುವ ಸಪ್ಪಳ ಒಮ್ಮೆ ಆಗಬೇಕು. ಆಮೇಲೆ ಮಾಬೂಬಿಯ ಜವಾಬು:

"ಕಾಯಿ ಖಾರಂತ ಹೇಳ, ಬ್ಯಾರೆ ಏನೂ ಹೇಳಬ್ಯಾಡ."

ಜವಾಬು ಕೊಟ್ಟು ಮಾಬೂಬಿ ಅತ್ತೆಯ ಹೆಸರನ್ನು ತುಂಡು ಮಾಡಿ, ಮುಂದೆ ಹೇಳು ಎಂದು ಕೂಗುವಳು. ಅಂಗಳವೆಲ್ಲ ನಗುತ್ತಿತ್ತು. ಹಾಗೆ ತುಂಡು ಮಾಡಿ ಕರೆಯುವ ಹಕ್ಕು ಊರಿನಲ್ಲಿ ಅವಳೊಬ್ಬಳಿಗೇ ಇತ್ತು.

ನಾನು ಅತ್ತೆಯ ಬೆನ್ನ ಹಿಂದೆ ಕೂಡುತ್ತಿದ್ದೆ. ಮುಂದೆ ಕುಳಿತಿದ್ದು ಒಂದೇ ದಿನ. ಹೊಸ ಸೊಸೆ, ನಾನೂ ಒಂದು ನುಡಿ ಹಾಡುತ್ತೇನೆಂದು ಬಾಯಿ ತೆರೆದೆ. ಹಾಡಿನ ಬದಲು ಸೀನು ಬಂತು, ಒಂದಲ್ಲ, ಹನ್ನೊಂದು. ಮಾಬೂಬಿ ಎಣಿಸಿದ್ದಳು. "ನಿಮ್ಮತ್ತಿ ಹಾಡಿದ್ರ ತುಂಬು ತಾನ ಬಿಟ್ಟು ಬರತೈತಿ. ನೀ ಹಾಡಿದ್ರ ಕಾಯಿ ಹೆದರಿ ತುಂಬು ಗಟ್ಟಿ ಹಿಡಕೊಂತೈತಿ" ಎಂದಳು. ಅತ್ತೆ ತಿರುಗಿ ನೋಡದೆ, "ಹಿಂದ ಕುಂದ್ರವಾ, ಕೈ ಅಷ್ಟ ಆಡಸು" ಎಂದಳು. ಅಂದಿನಿಂದ ಕೈಯನ್ನಷ್ಟೇ ಆಡಿಸಿದೆ.

ಅತ್ತೆ ಹೋದ ಮೇಲೆ ಮಾಬೂಬಿ ಅಂಗಳಕ್ಕೆ ಬರುವುದನ್ನು ಬಿಡಲಿಲ್ಲ, ಆದರೆ ಜವಾಬು ಕೊಡುವುದನ್ನು ಬಿಟ್ಟಳು. ಯಾರಾದರೂ ಸವಾಲು ಎತ್ತಿದರೆ, "ತಡೀಯೂದು ಗೊತ್ತಿಲ್ಲ ನಿಮಗ. ಕಾಯಿ ಬಿಡಸ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ತೊಟ್ಟಿಲಿನ ದಿನವೂ ಹಾಗೆಯೇ. ಕೂಸಿನ ಗಲ್ಲ ಮುಟ್ಟಿ, ಬೆಳ್ಳಿ ಕಾಲ್ಗಡಗ ಇಟ್ಟು, ಮೆಲ್ಲಗೆ ಹೇಳಿದಳು, "ಹೆಸರು ಇಡ್ರಿ, ಬ್ಯಾಡನ್ನೂದಿಲ್ಲ. ಆದ್ರ ನಾ ಆ ಹೆಸರಿಲೆ ಕರಿಯೂದಿಲ್ಲ. ಅದು ನನ್ನ ಗೆಳತೀದು. ಈಕಿ ಸವಾಲ ಹಾಕಲಿ, ನನ್ನ ಬಾಯಿಂದ ಜವಾಬ ಬಂದ್ರ ಅವತ್ತ ಕರೀತೀನಿ."

ನಾವೆಲ್ಲ ನಕ್ಕೆವು. ಮಾಬೂಬಿ ನಗಲಿಲ್ಲ.

ಅಲ್ಲಿಗೆ ಏನಾಯಿತೆಂದರೆ, ನನ್ನ ಮೊಮ್ಮಗಳಿಗೆ ಹೆಸರಿದ್ದೂ ಇಲ್ಲದಂತಾಯಿತು. ನಾನು ರೂಢಿಗಾಗಿ ಕರೆಯುವುದಿಲ್ಲ, ಮಾಬೂಬಿ ಗೆಳೆತನಕ್ಕಾಗಿ ಕರೆಯುವುದಿಲ್ಲ. ಏಳನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ಸಾಲೆಯಿಂದ ಬಂದವಳೇ ಕೇಳಿದಳು, "ಆಯಿ, ನನ್ನ ಹೆಸರು ಹಾಜರಿ ಪುಸ್ತಕದಾಗ ಅಷ್ಟ ಐತೇನು?" ನಾನು ಬಿಸ್ಕೀಟು ಕೊಟ್ಟೆ. ತಿಂದಳು, ಆದರೆ ಮಾತು ಮರೆಯಲಿಲ್ಲ.

ಹೆಸರು ಗಳಿಸಲು ಅವಳು ಮೊದಲು ಹಾಡಲು ಹೋದಳು. ಅವಳಿಗೆ ದೊಡ್ಡತ್ತೆಯಿಂದ ಬಂದದ್ದು ಹೆಸರು, ಗಂಟಲು ನನ್ನದು. ಮಾಬೂಬಿಯ ಮನೆಯ ಮುಂದೆ ನಿಂತು ಸವಾಲು ಹಾಡಿದಾಗ ಒಳಗಿನಿಂದ ಮಾಬೂಬಿ, "ಯಾರಬೇ ಅದು, ಕಾಯಿ ಚೀಲ ಎಳ್ಯಾಕತ್ತಾರು?" ಎಂದಳಂತೆ. ಅತ್ತುಕೊಂಡು ಬಂದಳು. "ಕಾಯಿ ಘಾಟು ಆಯಿ" ಎಂದಳು. ನಮ್ಮ ಮನೆಯಲ್ಲಿ ಅಳುವಿಗೆ ಅದೊಂದೇ ಕಾರಣ.

ಗಿಟಾರು ಬಂದದ್ದು ಆಮೇಲೆ. ಈರಣ್ಣನದು ಮೈಕ್ ಸೆಟ್ಟಿನ ಅಂಗಡಿ. ಮದುವೆಗಳಿಗೆ ಬರುವ ಆರ್ಕೆಸ್ಟ್ರಾದವರು ಅಲ್ಲಿ ಬಂದು ಕೂಡುತ್ತಾರೆ. ಅವರ ಕೈಯಲ್ಲಿ ಕಂಡಳು, ಹಟ ಹಿಡಿದಳು, ಹಾವೇರಿಗೆ ಕರೆದೊಯ್ದು ಕೊಡಿಸಿದ್ದಾಯಿತು. ಮನೆಗೆ ತಂದ ದಿನ ನಾನು ಅದನ್ನು ನೋಡಿ, "ಇದರಾಗ ಹೊಟ್ಟಿನ ಇಲ್ಲಲ್ಲ, ದನಿ ಎಲ್ಲಿಂದ ಬರತೈತಿ?" ಎಂದೆ. ತಂಬೂರಿಗೆ ಬುರುಡೆಯಾದರೂ ಇರುತ್ತದೆ, ಇದು ಬಟ್ಟೆ ಒಗೆಯುವ ಹಲಗೆಯಂತೆ ಚಪ್ಪಟೆ. ಮಗನ ಮೈಕ್ ಸೆಟ್ಟಿನ ಡಬ್ಬಕ್ಕೆ ವೈರು ಚುಚ್ಚಿ ಒಮ್ಮೆ ಮೀಟಿದಳು. ಗೋಡೆಯ ಮೇಲಿನ ಮಾವನವರ ಫೋಟೋ ವಾಲಿತು. ದನಿ ಎಲ್ಲಿಂದ ಬರುತ್ತದೆಂದು ನಾನು ಮತ್ತೆ ಕೇಳಲಿಲ್ಲ.

ಕಲಿಸಿದವನು ಫೋನಿನೊಳಗಿನ ಒಬ್ಬ ಮನುಷ್ಯ. ಅಮೆರಿಕದ ಟೆಕ್ಸಾಸ್ ಎಂಬ ಕಡೆಯವನು, ಅಗಲ ಟೊಪ್ಪಿಗೆಯವನು. ಕಣ್ಣು ಮುಚ್ಚಿ ಬಾರಿಸುತ್ತಾನೆ, ಮುಖ ಮಾತ್ರ ಹಲ್ಲುನೋವು ಬಂದವರಂತೆ. "ಅವಗ ಏನಾಗೇತಿ, ಲವಂಗ ಇಟ್ಟಕೊಳ್ಳಾಕ ಹೇಳ" ಎಂದೆ. ಸಣ್ಣತ್ತೆ ನಕ್ಕು ನಕ್ಕು ಹೇಳಿದಳು, "ಅದು ಹಲ್ಲುನೋವಲ್ಲ ಆಯಿ, ಬ್ಲೂಸ್. ಹತ್ತಿ ಹೊಲದಾಗ ದುಡಿಯೋರು ಹಾಡತಿದ್ರಲ್ಲ, ಅದರಿಂದ ಹುಟ್ಟಿದ್ದು. ಒಬ್ಬರು ಹೇಳೂದು, ಇನ್ನೊಬ್ಬರು ಜವಾಬ ಕೊಡೂದು." ಹತ್ತಿ ಬಿಡಿಸುವುದು ನನಗೆ ಗೊತ್ತಿಲ್ಲವೇ? ತವರಿನಲ್ಲಿ ಮಾಡಿದ ಮೊದಲ ಕೆಲಸವೇ ಅದು. ಅಂದಿನಿಂದ ಆ ಟೊಪ್ಪಿಗೆಯವನು ನನಗೆ ರಾಣೆಬೆನ್ನೂರು ಕಡೆಯ ಬೀಗರ ಹುಡುಗನಂತೆ ಕಾಣತೊಡಗಿದ.

"ಅವಗೂ ನನ್ನಂಗ ಹೆಸರಿನ ಕಾಟ ಐತಿ ಆಯಿ" ಎಂದಳು ಇನ್ನೊಂದು ದಿನ. ಅವನ ಹೆಸರಿನವನೇ ಹಿಂದೆ ಒಬ್ಬ ಭಾರಿ ಗಿಟಾರಿನವನು ಆಗಿಹೋಗಿದ್ದಾನಂತೆ. ಇವನು ಎಲ್ಲಿ ಬಾರಿಸಿದರೂ ಜನ ಆ ತಕ್ಕಡಿಯಲ್ಲೇ ಇಟ್ಟು ತೂಗುತ್ತಾರಂತೆ.

"ಮತ್ತ ಅಂವ ಏನ ಮಾಡಿದ?"

"ಬಾರಿಸಿದ. ಬಾರಿಸಿ ಬಾರಿಸಿ ಆ ಹೆಸರು ತನ್ನದ ಮಾಡಕೊಂಡ."

ಹೀಗಿರುವಾಗ, ಈ ವರ್ಷ ನಮ್ಮ ತುಂಬು ಬಿಡಿಸುವ ಹೆಣ್ಣುಮಕ್ಕಳ ಸಂಘದವರು ವರ್ಷದ ಊಟದ ದಿನ ಸಣ್ಣತ್ತೆಯ ಗಿಟಾರು ಇಡೋಣವೆಂದರು. ಅವಳು ರಾಣೆಬೆನ್ನೂರಿನ ಕಾಲೇಜಿನಲ್ಲಿ ಓದುತ್ತಾಳೆ, ಅಲ್ಲಿನ ಗೆಳತಿಯೊಬ್ಬಳು ಡ್ರಮ್ ಬಾರಿಸುತ್ತಾಳೆ. ಇಬ್ಬರೂ ಒಪ್ಪಿದರು. ಮಾಬೂಬಿಗೆ ಈಗ ಎಪ್ಪತ್ತೆಂಟು. ಅವಳೂ ಬರುತ್ತೇನೆಂದಳು, "ಹೋಳಗಿ ಸಲುವಾಗಿ" ಎಂದು ಸೇರಿಸಿ.

ಅದಾದ ಮೇಲೆ ಸಣ್ಣತ್ತೆ ವಿಚಿತ್ರ ಮಾಡಿದಳು. ರಜೆಗೆ ಬಂದವಳು ಗಿಟಾರು ಮುಟ್ಟದೆ ದಿನಾ ಬೆಳಿಗ್ಗೆ ನನ್ನೊಂದಿಗೆ ಅಂಗಳಕ್ಕೆ ಬಂದು ಕೂಡತೊಡಗಿದಳು. ಕಾಯಿ ಬಿಡಿಸಿದ್ದು ಕಡಿಮೆ, ನನ್ನ ಕೈ ನೋಡಿದ್ದೇ ಹೆಚ್ಚು. ನಡುನಡುವೆ ತನ್ನ ತೊಡೆಯ ಮೇಲೆ ಬೆರಳಿನಿಂದ ಏನೋ ತಟ್ಟುವಳು. ನಾನು ಸೊಸೆಗೆ, "ಹುಡುಗಿಗಿ ಬುದ್ಧಿ ಬಂತು ನೋಡು, ದುಡಿಮಿ ಅಂದ್ರೇನು ತಿಳೀತು" ಎಂದು ಹೆಮ್ಮೆಯಿಂದ ಹೇಳಿದೆ. ಸೊಸೆ ನಗು ನುಂಗಿ ಒಳಗೆ ಹೋದಳು. ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ನನ್ನಿಂದ ಒಂದು ಘಾತವೂ ಆಯಿತು. ಫ್ಲೆಕ್ಸ್ ಮಾಡುವ ಹಾವೇರಿಯ ಹುಡುಗ ಫೋನು ಮಾಡಿದಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ. "ಅಜ್ಜೀ, ಗಿಟಾರ ಬಾರಸೋರ ಹೆಸರು ಹೇಳ್ರಿ" ಎಂದ. ನಾನು ಹೇಗೆ ಹೇಳಲಿ? "ನಮ್ಮ ಸಣ್ಣತ್ತಿ" ಎಂದೆ. "ಪೂರಾ ಹೆಸರರಿ?" "ಅಷ್ಟ." ಕಾರ್ಯಕ್ರಮದ ಬೆಳಿಗ್ಗೆ ಮಂಗಲ ಕಾರ್ಯಾಲಯದ ಬಾಗಿಲಿಗೆ ಫ್ಲೆಕ್ಸ್ ಕಟ್ಟಿದ್ದರು. ಮೊಮ್ಮಗಳ ದೊಡ್ಡ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ: ಶ್ರೀಮತಿ ಸಣ್ಣತ್ತೆಯವರಿಂದ ಗಿಟಾರ್ ವಾದನ.

ಅತ್ತೆ ಎಂದ ಮೇಲೆ ಶ್ರೀಮತಿಯೇ ಇರಬೇಕೆಂದು ಅವನೇ ಸೇರಿಸಿದ್ದ. ಡ್ರಮ್ಮಿನ ಗೆಳತಿ ನಕ್ಕು ನೆಲಕ್ಕೆ ಕುಳಿತಳು. ಸಣ್ಣತ್ತೆಯೂ ನಕ್ಕಳು, ಆಮೇಲೆ ಫ್ಲೆಕ್ಸಿನ ಅಕ್ಷರಗಳನ್ನು ಇನ್ನೊಮ್ಮೆ ಓದಿದಳು.

"ತಪ್ಪಾತ್ರೀ ಅತ್ತೀ" ಎಂದೆ.

"ನಿಂದೇನ ತಪ್ಪಬೇ. ಇಲ್ಲೂ ನನ್ನ ಹೆಸರು ಬರಲಿಲ್ಲ, ಅಷ್ಟ. ಅದು ಮಾಬೂಬಿ ಆಯಿ ಕಡೆ ಐತಿ. ಇವತ್ತ ಕೇಳಿ ಇಸಗೊಂತೀನಿ. ಕೊಡಲಿಲ್ಲಂದ್ರ ಸಾಯೂತನಕ ಶ್ರೀಮತಿ ಸಣ್ಣತ್ತಿ." ಹಾಗೆಂದು ನನ್ನ ಚಂಚಿ ಇಸಿದುಕೊಂಡು ಒಳಗೆ ಹೋದಳು. ಇಷ್ಟು ಚಿಂತೆಯಲ್ಲಿ ಎಲೆ ಹಾಕುತ್ತಾಳೇನೋ ಎಂದು ನನಗೆ ಗಾಬರಿಯಾಯಿತು. ಆ ಚಂಚಿ ದೊಡ್ಡತ್ತೆಯದು. ಅದರ ಹಿತ್ತಾಳೆಯ ಸುಣ್ಣದ ಡಬ್ಬಿಯೂ ಅವಳದೇ, ಬೆರಳುದ್ದದ್ದು.

ಊಟದ ಮೊದಲೇ ಕಾರ್ಯಕ್ರಮ ಇಟ್ಟಿದ್ದರು, ಹೋಳಿಗೆ ಉಂಡ ಮೇಲೆ ಯಾರು ಎಚ್ಚರಿರುತ್ತಾರೆ? ಮಾಬೂಬಿ ಮುಂದಿನ ಸಾಲಿನಲ್ಲಿ, ನಾನು ಪಕ್ಕದಲ್ಲಿ. ಮೊದಲು ಟೊಪ್ಪಿಗೆಯವನ ಹಾಡೊಂದನ್ನು ಬಾರಿಸಿದರು. ಡ್ರಮ್ಮು ಗುಡುಗಿತು, ಗಿಟಾರು ಕುಣಿಯಿತು, ಎಳೆಯ ಹೆಣ್ಣುಮಕ್ಕಳು ಸಿಳ್ಳೆ ಹೊಡೆದರು. ಮಾಬೂಬಿ ಎರಡೂ ಕಿವಿಗೆ ಬೆರಳಿಟ್ಟು, "ಖಾರಪುಡಿ ಗಿರಣಿ ಚಾಲೂ ಮಾಡ್ಯಾರೇನ?" ಎಂದು ನನ್ನ ಕಿವಿಯಲ್ಲಿ ಕೂಗಿದಳು. ಮುಗೀತು, ಮೊಮ್ಮಗಳು ಶ್ರೀಮತಿಯಾದಳು ಅಂದುಕೊಂಡೆ.

ಆಮೇಲೆ ಸಣ್ಣತ್ತೆ ಗೆಳತಿಗೆ ಕೈ ತೋರಿಸಿ ಡ್ರಮ್ಮು ನಿಲ್ಲಿಸಿದಳು. ದನಿ ತಗ್ಗಿಸಿದಳು. ಕಿಸೆಯಿಂದ ಏನೋ ತೆಗೆದು ಕಿರುಬೆರಳಿಗೆ ಸಿಕ್ಕಿಸಿಕೊಂಡಳು. ನೋಡುತ್ತೇನೆ, ನನ್ನ ಸುಣ್ಣದ ಡಬ್ಬಿ! ಮುಚ್ಚಳ ತೆಗೆದ ಹಿತ್ತಾಳೆ ಡಬ್ಬಿಯನ್ನು ತಂತಿಯ ಮೇಲೆ ಇಟ್ಟು ಮೆಲ್ಲಗೆ ಜಾರಿಸಿದಳು. ಗಿಟಾರು ಗಿಟಾರಿನಂತೆ ನುಡಿಯಲಿಲ್ಲ. ಹೆಣ್ಣುಮಗಳೊಬ್ಬಳು ಗಂಟಲು ಸರಿಮಾಡಿಕೊಂಡು ದನಿ ಎತ್ತಿದಂತಾಯಿತು. ಮಾತಿಲ್ಲ, ಬರೀ ದನಿ. ಆದರೂ ಅಲ್ಲಿದ್ದ ಮುದುಕಿಯರಿಗೆಲ್ಲ ಮಾತು ಕೇಳಿಸಿತು: ಕಣ್ಣಾಗ ನೀರ್ಯಾಕ ನನ ಗೆಳತಿ, ಕೇಳ್ಯಾರ ಮನಿಯವರು.

ಅಷ್ಟು ನುಡಿಸಿ ತಡೆದಳು. ಡಬ್ಬಿ ಎತ್ತಿ ಹಿಡಿದು ನಿಂತಳು. ಅವಳು ನೋಡುತ್ತಿದ್ದುದು ಮಾಬೂಬಿಯನ್ನಲ್ಲ, ನನ್ನ ಕೈಯನ್ನು. ನಾನೂ ನೋಡಿಕೊಂಡೆ. ಮಡಿಲಲ್ಲಿ ಕಾಯಿ ಇರಲಿಲ್ಲ, ಆದರೆ ನನ್ನ ಬೆರಳು ಇಲ್ಲದ ಕಾಯಿಯ ತುಂಬು ಬಿಡಿಸುತ್ತಿತ್ತು. ಇಪ್ಪತ್ತೈದು ವರ್ಷ ಅತ್ತೆಯ ಬೆನ್ನ ಹಿಂದೆ ಕುಳಿತು ಕಲಿತ ಕೈ. ಹಾಡು ಬಾರದವಳ ಕೈಯಲ್ಲಿ ಅತ್ತೆಯ ತಡೆ ಉಳಿದಿತ್ತು! ಹುಡುಗಿ ರಜೆಯೆಲ್ಲ ಅಂಗಳದಲ್ಲಿ ಕುಳಿತು ಕಲಿತದ್ದು ಅದನ್ನು. ಬೆರಳು ಬೆರಳಿಗೆ ತಾಗಿತು, ತುಂಬು ಬಿಟ್ಟಿತು.

ಮಾಬೂಬಿ ಬಾಯಿ ತೆರೆಯಲಿಲ್ಲ. ಆದರೆ ಕಿವಿಯಿಂದ ಬೆರಳು ತೆಗೆದಿದ್ದಳು. ಸಣ್ಣತ್ತೆ ಎರಡನೆಯ ಸಲ ಸವಾಲು ನುಡಿಸಿದಳು, ಮತ್ತೆ ತಡೆದಳು. ಈಗ ನನ್ನ ಪಕ್ಕದಲ್ಲಿ ಮಾಬೂಬಿಯ ಕೈಗಳೂ ಆಡಿದವು. ಆ ಮುದಿ ಕೈಗಳು ತುಂಬು ಬಿಡಿಸಿ ಮುಗಿದ ಕ್ಷಣಕ್ಕೆ ಸರಿಯಾಗಿ, ಹತ್ತೊಂಬತ್ತು ವರ್ಷ ಮುಚ್ಚಿದ್ದ ಬಾಯಿಯಿಂದ ಬಂತು:

"ಕಾಯಿ ಖಾರಂತ ಹೇಳ, ಬ್ಯಾರೆ ಏನೂ ಹೇಳಬ್ಯಾಡ!"

ದನಿ ಒಡೆದಿತ್ತು, ನಡುವೆ ಒಮ್ಮೆ ಕೆಮ್ಮಿದಳು. ಅದರ ಗೊಡವೆ ಯಾರಿಗೆ? ಸಭೆಯೆಲ್ಲ ಎದ್ದು ನಿಂತಿತು. ಮಾಬೂಬಿಯೂ ನನ್ನ ಹೆಗಲು ಹಿಡಿದು ಎದ್ದಳು, ವೇದಿಕೆಯ ಕಡೆ ಕೈ ಬೀಸಿ ಅಂಗಳದಲ್ಲಿ ಕೂಗುತ್ತಿದ್ದಂತೆಯೇ ಕೂಗಿದಳು:

"ಮುಂದ ಹೇಳ, ತುಂಗೀ!"

ನನ್ನ ಕೈ ರೂಢಿಯಂತೆ ಸೆರಗಿಗೆ ಹೋಯಿತು. ಅರ್ಧಕ್ಕೇ ನಿಂತಿತು. ಅವಳು ಕರೆದದ್ದು ನನ್ನ ಅತ್ತೆಯನ್ನಲ್ಲವಲ್ಲ. ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಮೊಮ್ಮಗಳು ವೇದಿಕೆಯ ಮೇಲೆ ಒಂದು ಕಡೆ ಅಳುತ್ತ, ಒಂದು ಕಡೆ ನಗುತ್ತ ಮುಂದಿನ ಸವಾಲು ನುಡಿಸಿದಳು. ಅಡುಗೆಯವರು ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತರು. ಎಷ್ಟು ಸವಾಲು, ಎಷ್ಟು ಜವಾಬು, ಲೆಕ್ಕ ಇಟ್ಟವರಿಲ್ಲ. ಹೋಳಿಗೆ ತಣ್ಣಗಾದವು. ಮಾಬೂಬಿ ನಾಲ್ಕು ತಿಂದಳು.

"ಈಕಿ ಕಣ್ಣಾಗ ನೀರ ಯಾಕ?" ಎಂದು ನನ್ನನ್ನು ತೋರಿಸಿ ಯಾರೋ ಕೇಳಿದರು. ಮಾಬೂಬಿ ಹೋಳಿಗೆ ನುಂಗಿ ಹೇಳಿದಳು, "ಕಾಯಿ ಖಾರ."

ಸುಣ್ಣದ ಡಬ್ಬಿಯನ್ನು ಹುಡುಗಿ ಸರಿಯಾಗಿ ತೊಳೆದಿರಲಿಲ್ಲ. ಮರುದಿನ ಕಿರುಬೆರಳ ಚರ್ಮ ಸುಲಿದಿತ್ತು. ಆದರೂ ಡಬ್ಬಿ ಬಿಡಲಿಲ್ಲ, ಕಾಲೇಜಿಗೆ ತೆಗೆದುಕೊಂಡು ಹೋದಳು. ಬದಲಿಗೆ ಅವಳು ಇಟ್ಟು ಮರೆತ ಈ ಪ್ಲಾಸ್ಟಿಕ್ ಚೂರು ಚಂಚಿಯಲ್ಲಿ ಉಳಿಯಿತು. ನಾನು ಈಗ ಸುಣ್ಣವನ್ನು ಔಷಧದ ಖಾಲಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ, ಎಲೆಗೆ ರುಚಿಯೇ ಇಲ್ಲ.

ಇಷ್ಟು ದಿನ ಡಬ್ಬಿಯನ್ನು ಮರಳಿ ಕೇಳಲು ಬಾಯಿ ಇರಲಿಲ್ಲ, ಅತ್ತೆಗೆ ಸೊಸೆ ಎದುರಾಡುವುದು ಹೇಗೆ? ಈಗ ಹೆಸರು ಹಿಡಿದು ಕರೆಯಲು ಮಾಬೂಬಿಯ ಅಪ್ಪಣೆ ಸಿಕ್ಕಿದೆ. ಈ ಬರಹ ಮೊಮ್ಮಗಳ ಕೈಗೂ ಸಿಗುತ್ತದೆ. ಅದಕ್ಕೇ ಎಲ್ಲರ ಮುಂದೆ, ತಲೆಯ ಮೇಲೆ ಸೆರಗಿಲ್ಲದೆ, ಬರೆಯುತ್ತೇನೆ:

ಲೇ ತುಂಗೀ, ನನ್ನ ಸುಣ್ಣದ ಡಬ್ಬಿ ತಂದಕೊಡ.